ಎರಡನೆಯ ಜನ್ಮದ ಮೋಟಾರು

ಅಗ್ಗವೆಂಬ ಮಾತಿಗೆ ಮಾರುಹೋಗದ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತಿ, ಒಂದೊಂದು ಕಾಯನ್ನೂ ತಿರುಗಿಸಿ ಹುಳು ಹುಡುಕುವವನು, ಲಕ್ಷಗಟ್ಟಲೆ ಬೆಲೆಯ ಪದಾರ್ಥವೊಂದು ಅಗ್ಗಕ್ಕೆ ಸಿಕ್ಕಿತೆಂದರೆ ಕಣ್ಣು ಮುಚ್ಚಿ ಹಣ ಎಣಿಸುತ್ತಾನೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಮಕ್ಕಳಿಂದ ವಿವೇಕದ ಮೇಲೆ ಪ್ರಬಂಧ ಬರೆಸಿ, ತಿದ್ದಿ, ಅಂಕ ಕೊಟ್ಟ ನಾನು ಈ ನಿಯಮಕ್ಕೆ ಹೊರತಾಗಿರಬೇಕಾಗಿತ್ತು, ಆಗಲಿಲ್ಲ. ಆ ಕಥೆಯನ್ನು ಹೇಳಿಕೊಳ್ಳುವುದು ಅಷ್ಟೇನೂ ಗೌರವದ ಕೆಲಸವಲ್ಲ. ಆದರೂ ಓದುಗರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಹೇಳುತ್ತೇನೆ.

ಕಾರು ಕೊಳ್ಳಬೇಕೆಂಬ ಯೋಚನೆ ನನ್ನದಲ್ಲ. ನನ್ನ ಹೆಂಡತಿಯ ಮೊಣಕಾಲಿನದು. ಮಗಳು ಬೆಂಗಳೂರಿನಲ್ಲಿದ್ದಾಳೆ, ನಾವು ತುಮಕೂರಿನಲ್ಲಿ. ನಡುವೆ ಎಪ್ಪತ್ತು ಕಿಲೋಮೀಟರು. ಬಸ್ಸಿನ ಮೆಟ್ಟಿಲು ಹತ್ತುವಾಗಲೆಲ್ಲ ಆಕೆ "ರಾಮಾ" ಎನ್ನುವುದನ್ನು ಕೇಳಿ ಕೇಳಿ, ರಾಮನಿಗೇ ಬೇಸರ ಬಂದಿರಬೇಕು. 2023ರ ಫೆಬ್ರವರಿಯಲ್ಲಿ, ಪರಿಚಿತರೊಬ್ಬರ ಮಾತಿನ ಮೇಲೆ, ಬೆಂಗಳೂರಿನ ಒಬ್ಬ ಹಳೆಯ ಕಾರಿನ ವ್ಯಾಪಾರಿಯಲ್ಲಿಗೆ ಹೋದೆ. ನಾಲ್ಕೂವರೆ ವರ್ಷ ವಯಸ್ಸಿನ, ಮೂವತ್ತೆಂಟು ಸಾವಿರ ಕಿಲೋಮೀಟರು ಓಡಿದ ಬಿಳಿಯ ಕಾರು. ಬೇರೆ ಕಡೆ ಅಂಥದಕ್ಕೆ ನಾಲ್ಕೂವರೆ ಲಕ್ಷಕ್ಕೆ ಕಡಿಮೆ ಹೇಳಿರಲಿಲ್ಲ. ಇಲ್ಲಿ ಮೂರು ಲಕ್ಷ ನಲವತ್ತು ಸಾವಿರ. ಸೀಟುಗಳಿಗೆ ಹೊಸ ಹೊದಿಕೆ, ಮುಂದೆ ಅತ್ತರಿನ ಬುಡ್ಡಿ. ಒಳಗೆಲ್ಲ ಮದುವೆಯ ಮನೆಯ ಘಮಘಮ.

"ಇಷ್ಟು ಕಡಿಮೆ ಏಕೆ?" ಎಂದು ಕೇಳಿದೆ.

"ಓನರು ಫಾರಿನ್ನಿಗೆ ಹೋದ್ರು ಸಾರ್. ಅರ್ಜೆಂಟು," ಎಂದ ಆತ.

ಈ ಉತ್ತರ ನನಗೆ ಸಾಕಾಯಿತು. ಮನುಷ್ಯನಿಗೆ ಬೇಕಾದ ಉತ್ತರ ಸಿಕ್ಕ ಮೇಲೆ ಅವನು ಎರಡನೆಯ ಪ್ರಶ್ನೆ ಕೇಳುವುದಿಲ್ಲ. ವಿಮೆಯ ಕಾಗದಗಳನ್ನು ಆತ ತೋರಿಸಿದ್ದ. ಹಿಂದಿನ ಸೆಪ್ಟೆಂಬರಿನಿಂದ ಜನವರಿಯವರೆಗೆ ಆ ಕಾರಿಗೆ ವಿಮೆಯೇ ಇರಲಿಲ್ಲವೆಂಬುದು ಆ ಕಾಗದಗಳಲ್ಲಿಯೇ ಇತ್ತು. ಒಂದು ದೀರ್ಘ ಸ್ವರ ಬಿಟ್ಟುಹೋದರೆ ಮಕ್ಕಳ ಅಂಕ ಕಳೆಯುತ್ತಿದ್ದ ನನಗೆ ನಾಲ್ಕು ತಿಂಗಳ ತೆರಪು ಕಣ್ಣಿಗೆ ಬೀಳಲಿಲ್ಲ!

ಬೇಸಗೆ ಸುಖವಾಗಿ ಕಳೆಯಿತು. ಮುಂಗಾರು ಬಂದ ಮೇಲೆ ಕಾರಿನ ನಿಜವಾದ ವಾಸನೆ ಮೇಲಕ್ಕೆದ್ದಿತು. ಬತ್ತುತ್ತಿರುವ ಕೆರೆಯ ಅಂಗಳದಲ್ಲಿ ನಿಂತರೆ ಬರುತ್ತದಲ್ಲ, ಆ ವಾಸನೆ. ಅತ್ತರಿನ ಬುಡ್ಡಿ ಸೋತಿತು. ಬಳಿಕ ಕಿಟಕಿಯ ಗಾಜು ಇಳಿದದ್ದು ಏರಲೊಲ್ಲದು, ಏರಿದ್ದು ಇಳಿಯಲೊಲ್ಲದು. ಒಂದು ರಾತ್ರಿ ಎರಡು ಗಂಟೆಗೆ, ಯಾರೂ ಮುಟ್ಟದೆ, ಹಾರನ್ನು ಕೂಗಲಾರಂಭಿಸಿತು. ಬೀದಿಯ ನಾಯಿಗಳೂ ನೆರೆಹೊರೆಯವರೂ ಏಕಕಾಲಕ್ಕೆ ಎದ್ದರು. "ಏನೂಂದ್ರೆ, ನಿಮ್ಮ ಕಾರಿಗೆ ಏನೋ ಮೆಟ್ಟಿಕೊಂಡಿದೆ," ಎಂದಳು ನನ್ನಾಕೆ. ಅದುವರೆಗೆ ಅದು 'ನಮ್ಮ' ಕಾರಾಗಿತ್ತು.

ಮರುದಿನ ಅದನ್ನು ನನ್ನ ಹಳೆಯ ಶಿಷ್ಯನೊಬ್ಬನ ಗ್ಯಾರೇಜಿಗೆ ಒಯ್ದೆ. ವ್ಯಾಕರಣದಲ್ಲಿ ಅವನು ಎಂದೂ ಮೂವತ್ತೈದು ದಾಟಿದವನಲ್ಲ. ಅಂದು ಅವನು ಗುರು, ನಾನು ಶಿಷ್ಯ. ಇಂಜಿನ್ನಿನ ಮುಚ್ಚಳವನ್ನು ಅವನು ಮುಟ್ಟಲೂ ಇಲ್ಲ. ಮುಂದಿನ ಸೀಟಿನ ಬೆಲ್ಟನ್ನು ಹಿಡಿದು, ಕೊನೆಯವರೆಗೂ ಎಳೆದ. ನಾವು ದಿನವೂ ಎಳೆಯುವಷ್ಟು ಉದ್ದ ಶುಭ್ರವಾಗಿತ್ತು. ಅದರಾಚೆಗೆ ಒಂದು ಕೆಮ್ಮಣ್ಣಿನ ಗೆರೆ. ಸೀಟು ಬಿಚ್ಚಿದ, ಅದನ್ನು ಹಿಡಿದ ಬೋಲ್ಟುಗಳಿಗೆಲ್ಲ ತುಕ್ಕು. ನೆಲದ ಹಾಸನ್ನು ಎತ್ತಿದ. ಅಡಿಯಲ್ಲಿ ಒಣಗಿದ ಕೆಸರಿನ ಹಕ್ಕಳೆ, ತಂತಿಗಳು ಕೂಡುವೆಡೆಗಳಲ್ಲಿ ಹಿತ್ತಾಳೆಯ ಪಾತ್ರೆಗೆ ಹಿಡಿದಂತೆ ಹಸಿರು ಕಿಲುಬು.

"ಮೇಷ್ಟ್ರೇ, ಇದು ಮುಳುಗಿದ್ದ ಗಾಡಿ," ಎಂದ. ಆಮೇಲೆ ಚಾವಿ ತಿರುಗಿಸಿ, "ಇಲ್ಲಿ ನೋಡಿ. ಏರ್‌ಬ್ಯಾಗಿನ ಕೆಂಪು ದೀಪ ಹತ್ತಿತಾ?" ಎಂದ.

"ಇಲ್ಲ. ಎಂದೂ ಹತ್ತಿಲ್ಲ. ಅದು ಒಳ್ಳೆಯದಲ್ಲವೇ?"

ಅವನು ನಗಲಿಲ್ಲ. ಆ ದೀಪ ಚಾವಿ ತಿರುಗಿಸಿದೊಡನೆ ಕೆಲವು ಕ್ಷಣ ಹತ್ತಬೇಕು. ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಎಲ್ಲ ಸರಿಯಿದ್ದರೆ ಆರಬೇಕು. ಹತ್ತಿ ಉಳಿದರೆ ರೋಗವಿದೆಯೆಂದು ಅರ್ಥ. ಹತ್ತದೇ ಇದ್ದರೆ ಯಾರೋ ಅದರ ಬಾಯಿ ಕಟ್ಟಿದ್ದಾರೆಂದು ಅರ್ಥ. ನನ್ನ ಕಾರಿನಲ್ಲಿ ಆ ದೀಪದ ಸಂಪರ್ಕವನ್ನೇ ಕತ್ತರಿಸಲಾಗಿತ್ತು. ಏರ್‌ಬ್ಯಾಗನ್ನು ಆಳುವ ಪೆಟ್ಟಿಗೆ ಗೇರಿನ ಹಿಡಿಯ ಕೆಳಗೆ, ನೆಲಕ್ಕೆ ಸಮೀಪದಲ್ಲಿ ಇತ್ತು. ನೀರು ಮೊದಲು ಹೊಕ್ಕುವ ಜಾಗ. "ಗುದ್ದಿದ್ರೆ ಇದು ಬಿಚ್ಚಿಕೊಳ್ತಿರಲಿಲ್ಲ ಮೇಷ್ಟ್ರೇ," ಎಂದ. ನಾಲ್ಕು ತಿಂಗಳು ಹೆದ್ದಾರಿಯಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕುಳಿತವಳು ನನ್ನ ಹೆಂಡತಿ. ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಹಳೆಯ ವಿಮೆಯ ಕಾಗದದಲ್ಲಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿದೆ. 'ಫಾರಿನ್ನಿಗೆ ಹೋದ' ಮಾಲೀಕರು ಬೆಂಗಳೂರಿನಲ್ಲಿಯೇ ಇದ್ದರು! ಸಂಭಾವಿತರು. ಕಾರಿನ ಸಂಖ್ಯೆ ಹೇಳುತ್ತಲೇ, "ಅದು ಇನ್ನೂ ಓಡುತ್ತಿದೆಯೇ?" ಎಂದರು. ಆ ದನಿಯಲ್ಲಿದ್ದ ಆಶ್ಚರ್ಯ, ದಹನವಾಯಿತೆಂದು ಕೇಳಿದ್ದವನ ಕುಶಲವಾರ್ತೆ ಕೇಳಿದವರದು.

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುರಿದ ಮಳೆಯನ್ನು ಓದುಗರು ಮರೆತಿರಲಾರರು. ಒಂದು ದಿನದ ಲೆಕ್ಕಕ್ಕೆ 130 ಮಿಲಿಮೀಟರಿಗೂ ಮಿಕ್ಕಿದ ಮಳೆ. ಬೆಳ್ಳಂದೂರು, ವರ್ತೂರು, ಸರ್ಜಾಪುರ ರಸ್ತೆಯ ಕಡೆ ಜನ ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಮನೆ ಬಿಟ್ಟು ಬಂದದ್ದನ್ನು ನಾವೆಲ್ಲ ಚಿತ್ರಗಳಲ್ಲಿ ಕಂಡೆವು. ಇವರ ಕಾರು ಮನೆಗಳ ಸಮುಚ್ಚಯದ ನೆಲಮಾಳಿಗೆಯಲ್ಲಿ ಎರಡು ದಿನ ನೀರಿನೊಳಗಿತ್ತು. ವಿಮೆಯ ಕಂಪೆನಿ ಅದನ್ನು 'ಟೋಟಲ್ ಲಾಸ್' ಎಂದು ಬರೆದುಹಾಕಿ, ಇವರಿಗೆ ಹಣ ಕೊಟ್ಟಿತು. ಕಾರು ಹರಾಜಾಯಿತು. ಹೆಸರು ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಇವರು ರುಜು ಹಾಕಿಕೊಟ್ಟರು. ಕೊಳ್ಳುವವನ ಹೆಸರಿನ ಜಾಗ ಖಾಲಿ. ಆ ಖಾಲಿ ಜಾಗದಲ್ಲಿ ಐದು ತಿಂಗಳ ಬಳಿಕ ನನ್ನ ಹೆಸರು ಬಂದು ಕುಳಿತಿತು. ನಡುವೆ ಕೊಂಡವರು, ತೊಳೆದವರು, ಬಣ್ಣ ಹಚ್ಚಿದವರು, ದೀಪ ಕತ್ತರಿಸಿದವರು ಕಾಗದದಲ್ಲಿ ಎಲ್ಲಿಯೂ ಇಲ್ಲ.

ಈ 'ಟೋಟಲ್ ಲಾಸ್' ಎಂದರೇನೆಂದು ವಿಮೆಯ ಕೆಲಸದಲ್ಲಿದ್ದ ಮಿತ್ರರೊಬ್ಬರು ನನಗೆ ಬಿಡಿಸಿ ಹೇಳಿದರು. ಅದು ಇಂಜಿನಿಯರನ ತೀರ್ಪಲ್ಲ, ಲೆಕ್ಕಿಗನ ತೀರ್ಪು. ವಿಮೆ ಮಾಡುವಾಗ ಕಾರಿಗೆ ಒಂದು ಬೆಲೆ ಕಟ್ಟುತ್ತಾರೆ. ಹೊಸದರಲ್ಲಿ ಏಳು ಲಕ್ಷದ ಕಾರಿಗೆ ಮೂರು ವರ್ಷ ದಾಟಿದ ಮೇಲೆ ಸವಕಳಿಯೆಂದು ಶೇಕಡಾ 40 ಕಳೆದರೆ, ಉಳಿಯುವುದು ನಾಲ್ಕು ಲಕ್ಷ ಇಪ್ಪತ್ತು ಸಾವಿರ. ದುರಸ್ತಿಯ ಅಂದಾಜು ಈ ಮೊತ್ತದ ಶೇಕಡಾ 75ನ್ನು, ಅಂದರೆ ಮೂರು ಲಕ್ಷ ಹದಿನೈದು ಸಾವಿರವನ್ನು, ದಾಟಿತೆಂದರೆ ಕಾರು ಲೆಕ್ಕದಲ್ಲಿ ಸತ್ತಂತೆ. ಆದ್ದರಿಂದ ಬಾಗಿಲು ನುಗ್ಗಾಗಿ, ಬಣ್ಣ ಹೋಗಿ, ಒಳಗೆ ಗಟ್ಟಿಯಾಗಿಯೇ ಉಳಿದ ಹಳೆಯ ಕಾರೂ ಹೀಗೆ 'ಸಾಯ'ಬಹುದು. ಅಂಥದನ್ನು ತಿಳಿದು ಕೊಂಡು, ತಿಳಿದು ದುರಸ್ತಿ ಮಾಡಿಸಿಕೊಂಡವನು ಬುದ್ಧಿವಂತನೇ ಸರಿ. ನೀರಿನ ಸಾವು ಬೇರೆ ಬಗೆಯದು. ಅದು ಒಂದೇ ದಿನ ಕೊಲ್ಲುವುದಿಲ್ಲ. ತಂತಿಯಿಂದ ತಂತಿಗೆ, ತಿಂಗಳಿಂದ ತಿಂಗಳಿಗೆ ಹಬ್ಬುತ್ತದೆ.

ನಮ್ಮ 1988ರ ಮೋಟಾರು ವಾಹನ ಕಾಯಿದೆಯಲ್ಲಿ ಇದಕ್ಕೆ ಸಂಬಂಧಿಸಿದ 55ನೆಯ ಕಲಮೊಂದಿದೆ. ವಾಹನ ನಾಶವಾದರೆ, ಅಥವಾ ಎಂದೆಂದಿಗೂ ಬಳಕೆಗೆ ಬಾರದಂತಾದರೆ, ಮಾಲೀಕ 14 ದಿನಗಳೊಳಗೆ ತಿಳಿಸಬೇಕು, ನೋಂದಣಿ ರದ್ದಾಗಬೇಕು. ಆದರೆ ಲೆಕ್ಕದಲ್ಲಿ ಸತ್ತು ರಸ್ತೆಯಲ್ಲಿ ಓಡಬಲ್ಲ ಕಾರು 'ಎಂದೆಂದಿಗೂ' ಎಂಬ ಮಾತಿನ ಬದಿಯಲ್ಲಿ ನುಸುಳಿಹೋಗುತ್ತದೆ. ನನ್ನ ಕಾರಿನ ಆರ್.ಸಿ.ಯಲ್ಲಿ ಅದರ ಮೊದಲ ಮರಣದ ಸುಳಿವೇ ಇರಲಿಲ್ಲ. ಬ್ರಿಟನ್ನಿನಲ್ಲಿ 2017ರ ಅಕ್ಟೋಬರಿನಿಂದ ಹೀಗೆ ಬರೆದುಹಾಕಿದ ಕಾರುಗಳಿಗೆ ಎ, ಬಿ, ಎಸ್, ಎನ್ ಎಂದು ನಾಲ್ಕು ದರ್ಜೆಗಳನ್ನು ಮಾಡಿದ್ದಾರೆ. ಮೊದಲೆರಡು ಮತ್ತೆ ರಸ್ತೆಗಿಳಿಯಬಾರದು. ಉಳಿದೆರಡು ದುರಸ್ತಿಯಾಗಿ ಬರಬಹುದು. ನಮ್ಮಲ್ಲಿಯೂ 2023ರ ಏಪ್ರಿಲ್ 1ರಿಂದ ಹಳೆಯ ಕಾರಿನ ವ್ಯಾಪಾರಿಗಳು ಅಧಿಕಾರಪತ್ರ ಪಡೆಯಬೇಕೆಂದೂ ತಮ್ಮ ವಶಕ್ಕೆ ಬಂದ ವಾಹನವನ್ನು ತಿಳಿಸಬೇಕೆಂದೂ ನಿಯಮ ಬಂದಿದೆ. ನಾನು ಹಣ ಎಣಿಸಿದ್ದು ಅದಕ್ಕೆ ಎರಡು ತಿಂಗಳ ಮುಂಚೆ!

ವ್ಯಾಪಾರಿಯಲ್ಲಿಗೆ ಹೋದೆ. ಕೂಗಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆತ ಕಾಫಿ ತರಿಸಿಕೊಟ್ಟು, ಎಲ್ಲವನ್ನೂ ಕೇಳಿ, ಶಾಂತವಾಗಿ ಹೇಳಿದ: "ಮುಳುಗಿತ್ತಾ ಅಂತ ನೀವು ಕೇಳಲಿಲ್ಲವಲ್ಲ ಸಾರ್." ಅನಂತರ ಒಂದು ಸಲಹೆಯನ್ನೂ ಕೊಟ್ಟ: "ನಿಮ್ಮೂರಲ್ಲೇ ಯಾರಿಗಾದರೂ ಕೊಟ್ಟುಬಿಡಿ. ಮೇಷ್ಟ್ರ ಗಾಡಿ ಅಂದ್ರೆ ಕಣ್ಣು ಮುಚ್ಚಿ ತಗೋತಾರೆ."

ಓದುಗರೆ, ಈಗ ಹೇಳುವ ಮಾತು ನನಗೆ ನಾಚಿಕೆಯದು. ಆ ಸಲಹೆ ನನಗೆ ಹಿಡಿಸಿತು. ನನ್ನ ಹಳೆಯ ಶಾಲೆಯ ಎಳೆಯ ಉಪಾಧ್ಯಾಯರೊಬ್ಬರು ಕಾರು ಹುಡುಕುತ್ತಿದ್ದರು. ಮನೆಯಲ್ಲಿ ಎಂಟು ತಿಂಗಳ ಕೂಸು. ಕಾರನ್ನು ತೊಳೆಸಿ, ಹೊಸ ಅತ್ತರಿನ ಬುಡ್ಡಿ ತಂದಿಟ್ಟು, ಒಂದು ಭಾನುವಾರ ಅವರನ್ನು ಕರೆಸಿದೆ. ಅವರು ಸುತ್ತ ಒಮ್ಮೆ ನೋಡಿದರು. ಎಷ್ಟು ಓಡಿದೆ, ಎಷ್ಟು ಕೊಡುತ್ತದೆ ಎಂದು ಕೇಳಿದರು. ಮತ್ತೇನೂ ಕೇಳಲಿಲ್ಲ. "ನಿಮ್ಮ ಗಾಡಿ ಸಾರ್, ನೋಡೋದೇನಿದೆ," ಎಂದರು.

ಆಗ ನನಗೆ ಸಿದ್ಧಗಂಗೆಯ ಜಾತ್ರೆ ನೆನಪಾಯಿತು. ನನಗೆ ಹತ್ತು ವರ್ಷ. ನಮ್ಮ ತಂದೆ ಒಂಟಿ ಎತ್ತೊಂದನ್ನು ಮಾರಲು ತಂದಿದ್ದರು. ಕೊಳ್ಳುವವನು ಹಲ್ಲು ನೋಡಿದ, ಸುಳಿ ನೋಡಿದ, ಬಾಲ ಮುರಿದು ನಡೆಸಿ ನೋಡಿದ. ಇಬ್ಬರೂ ಟವಲಿನ ಮರೆಯಲ್ಲಿ ಬೆರಳು ಹಿಡಿದರು. ವ್ಯಾಪಾರ ಕುದುರುವ ಹೊತ್ತಿಗೆ ತಂದೆ ಕೈ ಹೊರಗೆ ತೆಗೆದು, "ನೋಡಪ್ಪಾ, ಬಿಸಿಲೇರಿದರೆ ಇದು ನೊಗದಲ್ಲೇ ಮಲಗಿಬಿಡುತ್ತೆ. ಹೊತ್ತಾರೆ ಹೂಡಿ ಬಿಟ್ಟರೆ ಸರಿ," ಎಂದರು. ಬೆಲೆ ಬಿತ್ತು. ಹಿಂದಿರುಗುವಾಗ, ನನಗೆ ಕೊಡಿಸಬೇಕಾಗಿದ್ದ ಹೊಸ ಅಂಗಿಯ ಆಸೆ ಬಿಟ್ಟುಹೋದ ಸಿಟ್ಟಿನಲ್ಲಿ, "ಅವನು ಕೇಳಲಿಲ್ಲವಲ್ಲಪ್ಪ," ಎಂದು ನಾನು ಅತ್ತೆ. ತಂದೆ ಬಹಳ ದೂರ ಮಾತಾಡದೆ ನಡೆದು, "ಬೆಲೆ ಕೇಳೋದು ಅವನ ಕೆಲಸ ಕಣೋ. ಎತ್ತಿನ ಗುಣ ಹೇಳೋದು ನನ್ನ ಕೆಲಸ," ಎಂದರು.

ವ್ಯಾಪಾರಿಯ ಬಾಯಲ್ಲಿ ಕೇಳಿ ನಾನು ಉರಿದುಬಿದ್ದ ಮಾತು, ಐವತ್ತು ವರ್ಷಗಳ ಹಿಂದೆ ನಾನೇ ಆಡಿದ ಮಾತು!

ಉಪಾಧ್ಯಾಯರನ್ನು ಕಾರಿನೊಳಗೆ ಕೂರಿಸಿ, ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದು ತೋರಿಸಿದೆ. ಹತ್ತದ ದೀಪವನ್ನೂ ತೋರಿಸಿದೆ. ಅವರು ಮುಖ ಸಪ್ಪಗೆ ಮಾಡಿಕೊಂಡು, ಕಾಫಿ ಕುಡಿದು, ವಂದನೆ ಹೇಳಿ ಹೊರಟರು. "ಮೂರು ಲಕ್ಷ ನೀರಿಗೆ ಹೋಯಿತು," ಎಂದಳು ನನ್ನಾಕೆ. ಸ್ವಲ್ಪ ಹೊತ್ತಿನ ಮೇಲೆ, "ಹೋಗಲಿ, ಆ ಮಗುವಿನ ಕಣ್ಣು ತಪ್ಪಿಸಿ ಓಡಾಡುವುದು ತಪ್ಪಿತು," ಎಂದಳು.

ಕಾರನ್ನು ಮಾರಲಿಲ್ಲ. ಶಿಷ್ಯ ನೆಲದ ತಂತಿಗಳನ್ನೆಲ್ಲ ಬದಲಾಯಿಸಿ, ಏರ್‌ಬ್ಯಾಗಿನ ಪೆಟ್ಟಿಗೆಯನ್ನು ಹೊಸದಾಗಿ ಹಾಕಿಸಿ, ಕತ್ತರಿಸಿದ್ದ ದೀಪವನ್ನು ಮತ್ತೆ ಕೂಡಿಸಿದ. ತೊಂಬತ್ತೆರಡು ಸಾವಿರ ರೂಪಾಯಿ. ಉಳಿಸಿದೆನೆಂದು ಹಿಗ್ಗಿದ್ದ ಹಣ ಅಲ್ಲಿಗೆ ಮುಗಿಯಿತು. ಆದದ್ದನ್ನೆಲ್ಲ ಒಂದು ಹಾಳೆಯಲ್ಲಿ ತಾರೀಕು ಸಹಿತ ಬರೆದು, ರುಜು ಹಾಕಿ, ಕಾರಿನ ಕಾಗದಗಳ ಮೇಲುಗಡೆ ಇಟ್ಟಿದ್ದೇನೆ. ಮುಂದೆ ಯಾರು ಕೊಂಡರೂ ಮೊದಲು ಅದನ್ನು ಓದಬೇಕು.

ಈಗ ಮಗಳ ಮನೆಗೆ ಹೊರಡುವಾಗ ಚಾವಿ ತಿರುಗಿಸಿ ನಾವಿಬ್ಬರೂ ಸುಮ್ಮನೆ ಕಾಯುತ್ತೇವೆ. ಕೆಂಪು ದೀಪ ಹತ್ತುತ್ತದೆ; ನಾಲ್ಕೈದು ಎಣಿಸುವಷ್ಟರಲ್ಲಿ ಆರುತ್ತದೆ. "ಆರಿತೇ?" ಎನ್ನುತ್ತಾಳೆ ಆಕೆ. "ಆರಿತು," ಎನ್ನುತ್ತೇನೆ ನಾನು. ಆಮೇಲೆ ಹೊರಡುತ್ತೇವೆ.