ದೆಹಲಿ ಚಳಿಗೆ ಹಳೇ ಕಾರು: ಬಾನೆಟ್ ಎತ್ತುವ ಮೊದಲು ಆರ್‌ಸಿ ನೋಡಿ

ಡಿಸೆಂಬರ್ ತಿಂಗಳ ಬೆಳಗ್ಗೆ ಏಳು ಗಂಟೆ. ದ್ವಾರಕಾದಲ್ಲೋ ಮಯೂರ್ ವಿಹಾರದಲ್ಲೋ ಮನೆ ಕೆಳಗೆ ರಾತ್ರಿಯಿಡೀ ಮಂಜಿನಲ್ಲಿ ನೆನೆದು ನಿಂತ ಕಾರು. ಕೀ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮಕ್ಕಳಿಗೆ ಶಾಲೆಗೆ ಹೊತ್ತಾಗಿದೆ, ಮೆಕ್ಯಾನಿಕ್ ಫೋನ್ ಎತ್ತುತ್ತಿಲ್ಲ. ದೆಹಲಿಯಲ್ಲಿ ಹತ್ತು ಹನ್ನೆರಡು ವರ್ಷದ ಕಾರು ಇಟ್ಟುಕೊಂಡವರಿಗೆ ಇದು ಪ್ರತಿ ವರ್ಷದ ಗೋಳು.

ಇದರಲ್ಲಿ ಅರ್ಧದಷ್ಟು ರಿಪೇರಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ರಿಪೇರಿಯಾದ ಮೇಲೆ ಈ ಕಾರನ್ನು ಚಳಿಗಾಲದಲ್ಲಿ ರಸ್ತೆಗೆ ಇಳಿಸಬಹುದೇ?

ಹುಬ್ಬಳ್ಳಿಯ ಕಾರು, ಬೆಂಗಳೂರಿನ ಕಾರು

ದೆಹಲಿಯಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ ಅಂದರೆ ಎಕ್ಯೂಐ 400 ದಾಟಿದರೆ ಗ್ರಾಪ್ ನಿಯಮಗಳ ಮೂರನೇ ಹಂತ ಜಾರಿಗೆ ಬರುತ್ತದೆ. ಆಗ ಬಿಎಸ್-3 ಪೆಟ್ರೋಲ್ ಕಾರು ಮತ್ತು ಬಿಎಸ್-4 ಡೀಸೆಲ್ ಕಾರುಗಳು ದೆಹಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್ ಮತ್ತು ನೋಯ್ಡಾ ಇರುವ ಗೌತಮ ಬುದ್ಧ ನಗರ ಜಿಲ್ಲೆಯಲ್ಲಿ ಓಡುವಂತಿಲ್ಲ. ಸಿಕ್ಕಿಬಿದ್ದರೆ ದಂಡ 20,000 ರೂಪಾಯಿ. ಹಳೇ ಕಾರಿನ ಇಡೀ ವರ್ಷದ ಸರ್ವಿಸ್ ಖರ್ಚು ಒಂದೇ ಚಲನ್‌ನಲ್ಲಿ ಹೋದಂತೆ.

ಊರಿನಿಂದ ಕಾರು ತಂದ ಕನ್ನಡಿಗರು ಎಡವುವುದು ಇಲ್ಲೇ. 2010ರ ಏಪ್ರಿಲ್‌ನಲ್ಲಿ ಬಿಎಸ್-4 ಜಾರಿಗೆ ಬಂದಿದ್ದು ದೇಶಕ್ಕೆಲ್ಲ ಅಲ್ಲ, ದೆಹಲಿ ವಲಯ, ಮುಂಬೈ, ಚೆನ್ನೈ, ಹೈದರಾಬಾದ್, ಪುಣೆ, ಬೆಂಗಳೂರು ಮುಂತಾದ ದೊಡ್ಡ ನಗರಗಳಿಗೆ ಮಾತ್ರ. ಉಳಿದ ಕಡೆ ಬಿಎಸ್-3 ಕಾರು ಮಾರಲು ಅವಕಾಶವಿತ್ತು. ದೇಶಾದ್ಯಂತ ಬಿಎಸ್-4 ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ 2013ರಲ್ಲಿ ಬೆಂಗಳೂರಿನಲ್ಲಿ ಕೊಂಡ ಪೆಟ್ರೋಲ್ ಕಾರು ಬಿಎಸ್-4 ಆಗಿರುತ್ತದೆ. ಅದೇ ವರ್ಷ, ಅದೇ ಕಂಪನಿಯ, ಅದೇ ಬಣ್ಣದ ಕಾರನ್ನು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಕೊಂಡಿದ್ದರೆ ಅದು ಬಿಎಸ್-3 ಆಗಿರಬಹುದು. ನೋಡಲು ಎರಡೂ ಒಂದೇ. ದೆಹಲಿಯ ಕೆಟ್ಟ ಗಾಳಿಯ ದಿನಗಳಲ್ಲಿ ಒಂದು ಓಡುತ್ತದೆ, ಇನ್ನೊಂದು ಮನೆಯಲ್ಲೇ ಇರಬೇಕು.

ಕಾರು ಕೊಂಡ ವರ್ಷದ ಲೆಕ್ಕವನ್ನೇ ನಂಬಬೇಡಿ. ಆರ್‌ಸಿ ನೋಡಿ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ, ಹೊಗೆ ಮಾನದಂಡದ ಜಾಗದಲ್ಲಿ ಏನು ಬರೆದಿದೆ ಎಂದು ಓದಿ. ಕೆಎ ನಂಬರ್ ಪ್ಲೇಟ್ ಇದ್ದವರಿಗೆ ಇನ್ನೊಂದು ಎಚ್ಚರಿಕೆ: 2025ರ ಡಿಸೆಂಬರ್‌ನಲ್ಲಿ ಗ್ರಾಪ್ ನಾಲ್ಕನೇ ಹಂತ ಜಾರಿಯಲ್ಲಿದ್ದಾಗ, ದೆಹಲಿಯ ಹೊರಗೆ ನೋಂದಣಿಯಾದ ಬಿಎಸ್-6 ಅಲ್ಲದ ಖಾಸಗಿ ವಾಹನಗಳಿಗೂ ರಾಜಧಾನಿಯ ಗಡಿಯಲ್ಲಿ ತಡೆ ಬಿತ್ತು.

ವಯಸ್ಸಿನ ಗೊಂದಲ ಬೇರೆಯೇ ಇದೆ. 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ವಾಹನ ದೆಹಲಿ ವಲಯದಲ್ಲಿ ಓಡಬಾರದು ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು. 2025ರ ಜುಲೈ 1ರಿಂದ ಇಂಥ ವಾಹನಗಳಿಗೆ ಪೆಟ್ರೋಲ್ ಬಂಕ್‌ನಲ್ಲಿ ಇಂಧನವೇ ಇಲ್ಲ ಎಂದರು, ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಯಸ್ಸೊಂದನ್ನೇ ಕಾರಣ ಮಾಡಿ ಕ್ರಮ ಕೈಗೊಳ್ಳಬೇಡಿ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಹೊಸ ವಾಹನಗಳಿಗೆ ಸೀಮಿತಗೊಳಿಸಿತು. ಅಂದರೆ ಬಿಎಸ್-4 ಡೀಸೆಲ್ ಕಾರಿನದು ವಿಚಿತ್ರ ಸ್ಥಿತಿ. ಹತ್ತು ವರ್ಷ ದಾಟಿತು ಎಂಬ ಒಂದೇ ಕಾರಣಕ್ಕೆ ಅದನ್ನು ಎಳೆದೊಯ್ಯುವುದಿಲ್ಲ, ಆದರೆ ಗಾಳಿ ಹದಗೆಟ್ಟ ದಿನ ಅದು ಹೊರಡುವಂತಿಲ್ಲ. ಅಂಥ ಕಾರಿಗೆ ನವೆಂಬರ್‌ನಲ್ಲಿ ಸಾವಿರಾರು ರೂಪಾಯಿ ಸುರಿಯುವ ಬದಲು ಫೆಬ್ರುವರಿವರೆಗೆ ಕಾಯುವುದೇ ವಾಸಿ.

ಬ್ಯಾಟರಿ: ಪೆಟ್ಟು ಬೇಸಿಗೆಯದು, ನೋವು ಚಳಿಗಾಲದ್ದು

ಕಾರು ಓಡಿಸಬಹುದು ಎಂದು ಖಚಿತವಾಯಿತೇ? ಹಾಗಾದರೆ ಬಾನೆಟ್ ಎತ್ತಿ. ಚಳಿಯಲ್ಲಿ ಸ್ಟಾರ್ಟ್ ಆಗದ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿ. ನಿಜವಾಗಿ ಅದನ್ನು ಹಾಳು ಮಾಡಿರುವುದು ದೆಹಲಿಯ ಮೇ-ಜೂನ್ ಬಿಸಿಲು. ಬೇಸಿಗೆಯಲ್ಲಿ ಎಂಜಿನ್ ಸುಲಭವಾಗಿ ತಿರುಗುವುದರಿಂದ ಬ್ಯಾಟರಿ ಸೊರಗಿದ್ದು ಗೊತ್ತಾಗುವುದಿಲ್ಲ. ಚಳಿಯಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ಬ್ಯಾಟರಿಯ ಬಲ ಕುಗ್ಗುತ್ತದೆ, ಗುಟ್ಟು ಹೊರಬೀಳುತ್ತದೆ.

ಹಾಗಂತ ನೇರ ಅಂಗಡಿಗೆ ಹೋಗಿ ಹೊಸ ಬ್ಯಾಟರಿ ತರಬೇಡಿ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಒಂದು ಮನೆಯಲ್ಲಿರಲಿ. ಕಾರು ರಾತ್ರಿಯಿಡೀ ನಿಂತ ಮೇಲೆ ಅಳೆದರೆ ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ಅರ್ಥ. ನಂತರ ಎಂಜಿನ್ ಸ್ಟಾರ್ಟ್ ಮಾಡಿ ಮತ್ತೆ ಅಳೆಯಿರಿ. ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. ಎಂಜಿನ್ ಓಡುತ್ತಿದ್ದರೂ 12.5ರಲ್ಲೇ ನಿಂತಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್‌ನದ್ದು. ಇದನ್ನು ನೋಡದೆ ಹೊಸ ಬ್ಯಾಟರಿ ಹಾಕಿಸಿದರೆ ಎರಡೇ ವಾರದಲ್ಲಿ ಅದೂ ಮಲಗುತ್ತದೆ. ದುಡ್ಡು ದಂಡವಾಗುವುದು ಹೆಚ್ಚಾಗಿ ಹೀಗೆಯೇ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಣಗಿಸಿ, ಬಿಗಿ ಮಾಡಿ, ಮೇಲೆ ತುಸು ವ್ಯಾಸಲೀನ್ ಸವರಿ. ಬಿಚ್ಚುವಾಗ ಮೊದಲು ಕಪ್ಪು ವೈರ್, ಕೂಡಿಸುವಾಗ ಕಪ್ಪು ಕೊನೆಗೆ. ಎಷ್ಟೋ 'ಸತ್ತ' ಬ್ಯಾಟರಿಗಳು ಇಷ್ಟರಿಂದಲೇ ಎದ್ದು ಕೂರುತ್ತವೆ. ಬ್ಯಾಟರಿ ಹತ್ತಿರ ಬೀಡಿ, ಸಿಗರೇಟು, ಬೆಂಕಿಕಡ್ಡಿ ಬೇಡ, ಅದರಿಂದ ಹೈಡ್ರೋಜನ್ ಅನಿಲ ಬರುತ್ತದೆ.

ಪಕ್ಕದ ಮನೆಯವರ ಕಾರಿನಿಂದ ಕರೆಂಟ್ ತೆಗೆದುಕೊಳ್ಳುವುದಾದರೆ ಕೆಂಪು ಕೇಬಲ್ಲು ಎರಡೂ ಬ್ಯಾಟರಿಗಳ ಪ್ಲಸ್‌ಗೆ. ಕಪ್ಪು ಕೇಬಲ್ಲಿನ ಒಂದು ತುದಿ ಅವರ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ನಿಮ್ಮ ಎಂಜಿನ್‌ನ ಬಣ್ಣವಿಲ್ಲದ ಕಬ್ಬಿಣದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಸೆಲ್ಫ್ ಹೊಡೆಯುವಾಗ ಒಮ್ಮೆಗೆ ಐದಾರು ಸೆಕೆಂಡ್ ಸಾಕು, ನಂತರ ಅರ್ಧ ನಿಮಿಷ ಬಿಡುವು ಕೊಡಿ. ಡೀಸೆಲ್ ಕಾರಾದರೆ ಗ್ಲೋ ಪ್ಲಗ್ ದೀಪ ಆರುವ ತನಕ ಕಾಯಿರಿ.

ಕ್ರಿಸ್‌ಮಸ್ ರಜೆಗೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಎರಡು ವಾರ ಊರಿಗೆ ಹೊರಟಿದ್ದರೆ ಕಪ್ಪು ವೈರ್ ಬಿಚ್ಚಿಟ್ಟು ಹೋಗಿ. ಮರಳಿ ಬಂದಾಗ ಗಡಿಯಾರ ಸರಿ ಮಾಡಿಕೊಂಡರೆ ಆಯಿತು.

ಗಾಜು, ಗಾಳಿ, ನೀರು

ಮಂಜಿನಲ್ಲಿ ಜೀವ ಉಳಿಸುವುದು ಎಂಜಿನ್ ಅಲ್ಲ, ಗಾಜು. ಒಂದು ವರ್ಷದ ಬಿಸಿಲು ತಿಂದ ವೈಪರ್ ರಬ್ಬರ್ ಗೆರೆ ಎಳೆಯುತ್ತದೆಯೇ ಹೊರತು ಒರೆಸುವುದಿಲ್ಲ. ಅದನ್ನು ಬದಲಿಸಲು ಹತ್ತು ನಿಮಿಷ ಸಾಕು, ಮೆಕ್ಯಾನಿಕ್ ಬೇಕಿಲ್ಲ. ಒಳಗಡೆ ಗಾಜು ಆವಿ ಹಿಡಿದರೆ ಬಟ್ಟೆಯಲ್ಲಿ ಒರೆಸುತ್ತಾ ಓಡಿಸುವುದು ಅಪಾಯ. ಎಸಿ ಹಾಕಿ, ಗುಂಡಿಯನ್ನು ಬಿಸಿ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಮಾಡಿ. ಚಳಿಗಾಲದಲ್ಲಿ ಎಸಿ ಯಾಕೆ ಎಂದು ಕೇಳುವವರಿದ್ದಾರೆ. ಎಸಿ ಗಾಳಿಯ ತೇವವನ್ನು ಹೀರುತ್ತದೆ, ಅದಕ್ಕೇ.

ಟೈರ್ ಗಾಳಿ 10 ಡಿಗ್ರಿ ತಾಪಮಾನ ಇಳಿದರೆ ಸುಮಾರು 2 ಪಿಎಸ್‌ಐ ಇಳಿಯುತ್ತದೆ. ಸೆಪ್ಟೆಂಬರ್‌ನಲ್ಲಿ ತುಂಬಿಸಿದ್ದು ಡಿಸೆಂಬರ್‌ಗೆ ಸಾಲದು. ಟೈರ್ ತಣ್ಣಗಿರುವಾಗಲೇ ಅಳೆಯಿರಿ, ಸ್ಟೆಪ್ನಿಯನ್ನೂ ಮರೆಯಬೇಡಿ. ಇನ್ನು ರೇಡಿಯೇಟರ್‌ಗೆ ನಲ್ಲಿ ನೀರು ಹಾಕುವ ಅಭ್ಯಾಸ ಬಿಡಿ. ದೆಹಲಿಯಲ್ಲಿ ಅದು ಹೆಪ್ಪುಗಟ್ಟುವ ಭಯ ಅಷ್ಟಿಲ್ಲ, ಆದರೆ ಒಳಗೆ ತುಕ್ಕು ಹಿಡಿಯುತ್ತದೆ. ಶಿಮ್ಲಾ, ಮನಾಲಿಗೆ ಹೋಗುವವರಿಗೆ ಎರಡೂ ಭಯ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದೂ ತೆಗೆಯಬೇಡಿ.

ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ. ಬ್ರೇಕ್, ಸ್ಟೇರಿಂಗ್, ಏರ್‌ಬ್ಯಾಗ್ ಮತ್ತು ಸಿಎನ್‌ಜಿ ಕಿಟ್ ಮುಟ್ಟಬೇಡಿ. ಬರೀ ಜಾಕಿ ನಂಬಿ ಕಾರಿನ ಕೆಳಗೆ ನುಸುಳಬೇಡಿ. ಚಳಿ ಎಂದು ಶೆಡ್ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಬದಲಿಸುವುದಾದರೆ ಯಾವುದು?

ಚಳಿಗಾಲದ ಗಾಡಿ ಎಂದಾಕ್ಷಣ ಎತ್ತರದ ಎಸ್‌ಯುವಿ ನೆನಪಾಗುತ್ತದೆ. ದೆಹಲಿಯ ಚಳಿಗೆ ಎತ್ತರದಿಂದ ಏನೂ ಲಾಭವಿಲ್ಲ, ಇಲ್ಲಿ ಹಿಮ ಬೀಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಎಬಿಎಸ್, ಹಿಂದಿನ ಗಾಜಿನ ಡಿಫಾಗರ್, ಹಿಂಬದಿಯ ಫಾಗ್ ಲ್ಯಾಂಪ್ ಕೇಳಿ. 2019ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಎಬಿಎಸ್ ಕಡ್ಡಾಯ.

ಇಂಧನದ ವಿಷಯಕ್ಕೆ ಬಂದರೆ ನಮ್ಮ ಅಭಿಪ್ರಾಯ ಸ್ಪಷ್ಟ. ನಗರದೊಳಗೆ ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡಾಡುವವರಿಗೆ ಡೀಸೆಲ್ ಬೇಡ. ಬಿಎಸ್-4 ಡೀಸೆಲ್‌ಗೆ ಗ್ರಾಪ್ ಕಾಟ. ಬಿಎಸ್-6 ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಲು ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮಂಜಿನಲ್ಲಿ ತೆವಳುತ್ತಾ ಶಾಲೆಗೆ, ಆಫೀಸಿಗೆ ಹೋಗಿಬರುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ, ರಿಪೇರಿ ದುಬಾರಿ. ಬಿಎಸ್-6 ಪೆಟ್ರೋಲ್ ಅಥವಾ ಸಿಎನ್‌ಜಿ ಇಂಥವರಿಗೆ ಹೊಂದುತ್ತದೆ. ಈಗಿನ ಬಹುತೇಕ ಸಿಎನ್‌ಜಿ ಕಾರುಗಳು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಗ್ಯಾಸ್‌ಗೆ ಬದಲಾಗುತ್ತವೆ. ಪೆಟ್ರೋಲ್ ಟ್ಯಾಂಕ್ ಖಾಲಿ ಬಿಟ್ಟರೆ ಚಳಿಯ ಬೆಳಗ್ಗೆ ಅದೂ ಕೈಕೊಡುತ್ತದೆ. ಹಳೇ ಸಿಎನ್‌ಜಿ ಕಾರು ಕೊಳ್ಳುವಾಗ ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಪರೀಕ್ಷೆಯ ಪ್ರಮಾಣಪತ್ರ ಕೇಳಿ.

ಈಗಿರುವ ಕಾರು ದೆಹಲಿಗೆ ಆಗದು ಎಂದಾದರೂ ಗುಜರಿಯೊಂದೇ ದಾರಿಯಲ್ಲ. ಡಿಎಲ್ ನಂಬರಿನ ಕಾರನ್ನು ಕರ್ನಾಟಕಕ್ಕೆ ಒಯ್ಯಲು ಎನ್‌ಒಸಿ ಬೇಕು, ಅಲ್ಲಿ ಮರುನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು. ಕಾರಿನ ಬೆಲೆಗೂ ಈ ಖರ್ಚಿಗೂ ತಾಳೆ ಹಾಕಿ ನೋಡಿ, ಎಷ್ಟೋ ಸಲ ಲೆಕ್ಕ ಕೂಡುವುದಿಲ್ಲ. ಕೆಎ ನಂಬರಿನ ಕಾರಾದರೆ ಆ ತಾಪತ್ರಯವಿಲ್ಲ, ಅಲ್ಲೇ ನೋಂದಣಿಯಾಗಿದೆ. 15 ವರ್ಷ ತುಂಬಿದ್ದರೆ ಆರ್‌ಸಿ ನವೀಕರಣವಾಗಿದೆಯೇ ನೋಡಿಕೊಂಡು, ಗ್ರಾಪ್ ನಿರ್ಬಂಧ ಇಲ್ಲದ ದಿನ ಹೊರಟರೆ ಸಾಕು.