ಎಲೆಗೆ ತೂತು ಕೊರೆದು ದನಿ ಏರಿಸುವ ಜೀರುಂಡೆ

ಚಿಕ್ಕಬಳ್ಳಾಪುರ ಜಿಲ್ಲೆಯ ಉಲ್ಲೋಡು ಗ್ರಾಮದ ಆಸುಪಾಸಿನ ಬಯಲಿನಲ್ಲಿ ಹಿಪ್ಟಿಸ್ ಎಂಬ ಗಿಡ ಪೊದೆಪೊದೆಯಾಗಿ ಬೆಳೆಯುತ್ತದೆ. ತುಳಸಿಯ ಕುಟುಂಬಕ್ಕೆ ಸೇರಿದ ಇದು ಅಮೆರಿಕ ಖಂಡದ ಉಷ್ಣವಲಯದಿಂದ ಬಂದು ನಮ್ಮ ಬೀಳು ನೆಲಗಳಲ್ಲಿ ನೆಲೆಯೂರಿದ ಕಳೆ. ಕತ್ತಲಾದ ಮೇಲೆ ಇದರ ಎಲೆಗಳ ಮೇಲೆ ಈಕ್ಯಾಂಥಸ್ ಹೆನ್ರಿ ಎಂಬ ಪುಟ್ಟ ಮರಜೀರುಂಡೆ ಹಾಡುತ್ತದೆ. ಹಾಡುವುದು ಗಂಡು ಮಾತ್ರ. ಹೆಣ್ಣು ಮೌನವಾಗಿ ಆಲಿಸಿ, ದನಿಯ ಜಾಡು ಹಿಡಿದು ಬರುತ್ತದೆ.

ಸಾಮಾನ್ಯವಾಗಿ ಗಂಡು ಎಲೆಯ ಅಂಚಿನಲ್ಲಿ ಕೂತು, ಮುಂದಿನ ರೆಕ್ಕೆಗಳನ್ನು ಎತ್ತಿ ಒಂದಕ್ಕೊಂದು ಉಜ್ಜುತ್ತದೆ. ಕೆಲವು ಮಾತ್ರ ಎಲೆಯ ನಡುಭಾಗವನ್ನು ಬಾಯಿಂದ ಕೊರೆದು ರೆಕ್ಕೆಯ ಅಳತೆಗೆ ಒಪ್ಪುವ ತೂತು ಮಾಡುತ್ತವೆ. ಅದರಲ್ಲಿ ತಲೆ ತೂರಿಸಿ, ರೆಕ್ಕೆಗಳನ್ನು ಎಲೆಗೆ ಒತ್ತಿದಂತೆ ಹರಡಿ ಹಾಡುತ್ತವೆ.

ಇದರ ಹಿಂದಿನ ಭೌತವಿಜ್ಞಾನ ಸೊಗಸಾದದ್ದು. ಹಾಡಿನ ಆವರ್ತನ ಸುಮಾರು 3 ಕಿಲೋಹರ್ಟ್ಸ್. ಅಂದರೆ ಅಲೆಯುದ್ದ 11 ಸೆಂಟಿಮೀಟರಿನಷ್ಟು. ರೆಕ್ಕೆ ಅದಕ್ಕಿಂತ ಬಹಳ ಚಿಕ್ಕದು. ಕಂಪಿಸುವ ರೆಕ್ಕೆ ಮುಂದಿನ ಗಾಳಿಯನ್ನು ಒತ್ತುವಾಗ ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಎರಡೂ ಅಂಚಿನಲ್ಲಿ ಕೂಡಿ ಒಂದನ್ನೊಂದು ಅಳಿಸಿಹಾಕುತ್ತವೆ. ಪೆಟ್ಟಿಗೆಯಿಂದ ಬಿಚ್ಚಿದ ಸ್ಪೀಕರಿನ ದನಿ ಸೊರಗುವುದೂ ಹೀಗೆಯೇ. ನಡುವೆ ಎಲೆ ಅಡ್ಡ ನಿಂತರೆ ಈ ನಷ್ಟ ತಗ್ಗಿ, ದನಿ ಹತ್ತು ಡೆಸಿಬೆಲ್‌ನಷ್ಟು ಏರುತ್ತದೆ. ಅಡ್ಡಿಯಿಲ್ಲದ ಬಯಲಿನಲ್ಲಿ ಅಷ್ಟು ಏರಿದರೆ ಕೂಗು ಮುಟ್ಟುವ ದೂರ ಮೂರು ಪಟ್ಟಾಗುತ್ತದೆ. ಎಲೆ ಅಗಲವಾದಷ್ಟೂ ಲಾಭ ಹೆಚ್ಚು. ದೊಡ್ಡದು, ಚಿಕ್ಕದು ಎರಡೂ ಎಲೆ ಕೊಟ್ಟಾಗ ಗಂಡು ದೊಡ್ಡದನ್ನೇ ಕೊರೆಯುತ್ತದೆ. ಹಾಗಾಗಿ ಗಿಡವನ್ನು ಬರೀ ಕೂರುವ ತಾಣವೆನ್ನಲಾಗದು. ಅದು ವಾದ್ಯದ ಅರ್ಧಭಾಗ.

ಇಂಥ ತೂತು ಕೊರೆಯುವ ಮರಜೀರುಂಡೆಯ ವರದಿ 1975ರಲ್ಲೇ ದಕ್ಷಿಣ ಆಫ್ರಿಕಾದಿಂದ ಬಂದಿತ್ತು. ಆದರೆ ಯಾರು, ಏಕೆ ಕೊರೆಯುತ್ತಾರೆ ಎಂಬುದನ್ನು ಬಿಡಿಸಿ ಹೇಳಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ರೋಹಿಣಿ ಬಾಲಕೃಷ್ಣನ್ ಅವರ ತಂಡ. ಋತ್ತಿಕ್ ದೇಬ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಲೆ ಕೊರೆಯುವವರು ಹೆಚ್ಚಾಗಿ ಮೈಕಟ್ಟಿನಲ್ಲಿ ಚಿಕ್ಕವರು, ದನಿಯಲ್ಲಿ ಕ್ಷೀಣರು. ಜೋರು ದನಿಗೆ ಒಲಿಯುವ ಹೆಣ್ಣು ಎಲೆಯ ನೆರವಿನ ಜೋರನ್ನು ನಿಜವಾದ ಬಲದಿಂದ ಬೇರ್ಪಡಿಸಲಾರಳು. ಇಂಥ ಗಂಡಿಗೆ ಸಂಗಾತಿಗಳೂ ಹೆಚ್ಚು, ಕೂಡುವ ಅವಧಿಯೂ ದೀರ್ಘ.

ಸಂಶೋಧಕರು ಇದನ್ನು ವಂಚನೆಯ ತಂತ್ರ ಎಂದಿದ್ದಾರೆ. ನನಗೆ ಅದು ಕುಶಲತೆಯಾಗಿಯೇ ಕಾಣುತ್ತದೆ: ಉಪಕರಣ ತಯಾರಿಸುವ ಕೀಟಗಳು ಲೋಕದಲ್ಲಿ ತೀರಾ ವಿರಳ, ಅವುಗಳಲ್ಲೊಂದು ಬೆಂಗಳೂರಿಗೆ ಇಷ್ಟು ಸಮೀಪದಲ್ಲಿದೆ. ಆ ಕಡೆ ರಾತ್ರಿ ಹೋದವರು ಟಾರ್ಚ್ ಹಿಡಿದು, ಪೊದೆ ಅಲುಗಿಸದೆ, ದನಿ ಬರುವ ಎಲೆಯನ್ನು ಒಮ್ಮೆ ಹುಡುಕಿ ನೋಡಿ.