ಸುಲಿದರೆ ಬರುವ ಬಣ್ಣ

ಬಣ್ಣವೆಂದರೆ ಒಮ್ಮೆ ಬಳಿದ ಮೇಲೆ ಕೆರೆದೇ ತೆಗೆಯಬೇಕಾದ ವಸ್ತುವೆಂದು ನಾನು ತಿಳಿದಿದ್ದೆ. ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯಬಹುದಾದ ಬಣ್ಣವೊಂದಿದೆಯೆಂದು ಹೇಳಿದವನು ನನ್ನ ಅಣ್ಣ. ಕಂತು ಇನ್ನೂ ತೀರದ ಪಿಕಪ್ ಗಾಡಿಯೊಂದರಲ್ಲಿ ಅವನು ಕೋಲಾರದ ಮಾರುಕಟ್ಟೆಗೆ ಟೊಮೇಟೊ ಸಾಗಿಸುತ್ತಾನೆ. ಗಾಡಿಯ ಗ್ರಿಲ್ಲಿನ ಕ್ರೋಮ್ ಪಟ್ಟಿ ಮಂಕಾಗಿತ್ತು. ಬಂಪರಿನ ಕಪ್ಪು ಪ್ಲಾಸ್ಟಿಕ್ಕು ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿತ್ತು. ಗಾಡಿಯನ್ನು ಮಾರಬೇಕೆಂದು ಮನೆಯಲ್ಲಿ ಮಾತು ನಡೆದಿತ್ತು. ಆದರೆ ಹೊಸ ಬಣ್ಣ ಕಂಡರೆ ಕೊಳ್ಳುವವನಿಗೆ ಅಪಘಾತದ ಸಂಶಯ ಬರುವುದು ಸಹಜ. “ಇದಾದರೆ ಸುಲಿದು ತೋರಿಸಬಹುದಲ್ಲವೇನೋ?” ಎಂದ ಅಣ್ಣ.

ಇದರ ಮೂಲತತ್ತ್ವ ಹೊಸದೇನಲ್ಲ. 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬವನು ರಬ್ಬರನ್ನು ನ್ಯಾಫ್ತಾದಲ್ಲಿ ಕರಗಿಸಿ, ಬಟ್ಟೆಗಳ ನಡುವೆ ಲೇಪಿಸಿ, ಮಳೆಯಂಗಿಯ ಬಟ್ಟೆಗೆ ಹಕ್ಕುಪತ್ರ ಪಡೆದನು. ದ್ರಾವಕವು ಆರಿಹೋದರೆ ರಬ್ಬರು ಉಳಿಯುತ್ತದೆ. ನಮ್ಮ ಡಬ್ಬಿಯೊಳಗಿನ ಗುಟ್ಟೂ ಇದೇ. ಅಮೆರಿಕದ ‘ಪ್ಲಾಸ್ಟಿ ಡಿಪ್’ ಇಂಥ ಲೇಪಗಳಲ್ಲಿ ಹೆಸರಾದುದು. ಇಕ್ಕಳ, ಸುತ್ತಿಗೆ ಮುಂತಾದವುಗಳ ಹಿಡಿಗಳನ್ನು ಅದ್ದಿ ತೆಗೆಯುವ ದ್ರವವಾಗಿ ಅದು ಮೊದಲು ಬಳಕೆಗೆ ಬಂದಿತು. ವಾಹನಗಳ ಮೇಲೆ ಸಿಂಪಡಿಸುವ ಚಾಳಿ ಅನಂತರದ್ದು.

ಸಾಮಾನ್ಯ ಬಣ್ಣಕ್ಕೆ ಪೇಂಟರು ಮೊದಲು ಉಪ್ಪುಕಾಗದ ಹಾಕಿ ಮೈಯನ್ನು ತರಿತರಿ ಮಾಡುತ್ತಾನೆ. ಬಣ್ಣವು ಆ ಗೀರುಗಳಲ್ಲಿ ಬೇರು ಬಿಡಬೇಕು. ಇಲ್ಲಿ ಹಾಗೆ ಮಾಡಬಾರದು. ರಬ್ಬರಿನ ಪೊರೆ ಮೇಲ್ಮೈಯನ್ನು ಅಪ್ಪಿಕೊಂಡಿರಬೇಕೇ ಹೊರತು ಒಳಗಿಳಿಯಬಾರದು. ಆದರೆ ಮೈ ಮಾತ್ರ ಶುದ್ಧವಾಗಿರಬೇಕು. ನಾವು ಮೊದಲು ಸೋತದ್ದು ಇಲ್ಲಿಯೇ. ಹೊಳಪಿಗಾಗಿ ಬಂಪರನ್ನು ಡೀಸೆಲ್ಲಿನಲ್ಲಿ ಒರೆಸುವುದು ಅಣ್ಣನ ಅಭ್ಯಾಸ. ನೀರು ಹೊಡೆದು ತೊಳೆದರೂ ಎಣ್ಣೆಯ ಜಿಡ್ಡು ಹೋಗಿರಲಿಲ್ಲ. ಅದರ ಮೇಲೆ ಕೂತ ಪೊರೆ ಮಾರನೆಯ ದಿನವೇ ಗುಳ್ಳೆಯೆದ್ದಿತು.

ಎರಡನೆಯ ತಪ್ಪು ನನ್ನದು. ಡಬ್ಬಿ ಉಳಿಸುವ ಆಸೆಯಿಂದ ಎರಡೇ ಸಲ ತೆಳ್ಳಗೆ ಸಿಂಪಡಿಸಿದೆ. ತೆಗೆಯಹೋದರೆ ಪೊರೆ ಚೂರುಚೂರಾಗಿ ಹರಿದು, ಉಗುರಿನಿಂದ ಕೆರೆಯುತ್ತ ಒಂದು ಭಾನುವಾರವೆಲ್ಲ ಕಳೆಯಿತು. ಸುಲಿಯಲು ಬರಬೇಕಾದರೆ ಪೊರೆ ದಪ್ಪವಾಗಿರಬೇಕು. ಇಲ್ಲಿ ಜಿಪುಣತನ ದುಬಾರಿ!

ಮೂರನೆಯ ವಾರ ಶಾಂಪೂ ಹಾಕಿ ಎರಡು ಬಾರಿ ತೊಳೆದು, ಚೆನ್ನಾಗಿ ಒಣಗಿಸಿ, ನೆರಳಿಗೆ ನಿಲ್ಲಿಸಿದೆವು. ದೀಪ, ನಂಬರು ಫಲಕ, ಪ್ರತಿಫಲಕ ಪಟ್ಟಿಗಳನ್ನು ಕಾಗದದಿಂದ ಮುಚ್ಚಿ ಮಾಸ್ಕಿಂಗ್ ಟೇಪು ಅಂಟಿಸಿದೆವು; ರಾತ್ರಿ ಓಡುವ ಗಾಡಿಗೆ ಅವು ಕಣ್ಣು, ಅವುಗಳ ಮೇಲೆ ಲೇಪ ಬೀಳಲೇಬಾರದು. ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಒಂದು ಗೇಣಿಗೆ ತುಸು ಕಡಿಮೆ ದೂರದಿಂದ, ಕೈ ನಿಲ್ಲಿಸದೆ ಸಿಂಪಡಿಸಬೇಕು. ಮೊದಲ ಪದರ ಧೂಳು ಕೂತಂತೆ ತೆಳ್ಳಗಿದ್ದು, ಕೆಳಗಿನ ಬಣ್ಣ ಕಾಣುತ್ತಿದ್ದರೂ ಚಿಂತೆಯಿಲ್ಲ. ಅರ್ಧ ಗಂಟೆಗೊಮ್ಮೆ ಒಂದರಂತೆ ಐದು ಪದರ ಹಾಕಿದೆವು. ದ್ರಾವಕದ ಆವಿ ತಲೆ ಸುತ್ತಿಸುವಂಥದು, ಬೆಂಕಿಗೂ ಹತ್ತಿರದ ನಂಟು. ಬೀಡಿ ಹಚ್ಚಿಕೊಂಡು ನೋಡಲು ಬಂದ ಅಪ್ಪನನ್ನು ಬೇಲಿಯಾಚೆಗೆ ಕಳುಹಿಸಿದೆವು.

ಕೊನೆಯ ಪದರ ಹಸಿಯಿರುವಾಗಲೇ ಟೇಪನ್ನು ಎಳೆಯಬೇಕು. ಒಣಗಿದ ಮೇಲೆ ಎಳೆದರೆ ಟೇಪಿನೊಡನೆ ಲೇಪವೂ ಕಿತ್ತುಬರುತ್ತದೆ. ಬಳಿಕ ನಾಲ್ಕು ಗಂಟೆಯಾದರೂ ಮುಟ್ಟಬಾರದು. ಪೆಟ್ರೋಲು ಇದಕ್ಕೆ ಪರಮಶತ್ರು; ಚೆಲ್ಲಿದರೆ ಲೇಪ ಕರಗಿಹೋಗುತ್ತದೆ.

ಈ ಬಾರಿ ಬಂಪರು ಹೊಸದರಂತಾಯಿತು. ಕೊಳ್ಳಲು ಒಬ್ಬರು ಬಂದರು. ಅಣ್ಣ ಮೂಲೆಯಿಂದ ಒಂದು ಅಂಗೈಯಷ್ಟು ಸುಲಿದು ತೋರಿಸಿದ. ಒಳಗೆ ಹಳೆಯ ಗೀರೊಂದಿತ್ತು. ಅದನ್ನೇ ಹಿಡಿದು ಅವರು ಬೆಲೆ ಇಳಿಸಿದರು. ಬಣ್ಣ ಹಾಕಿದ ಪೇಂಟರಾಗಿದ್ದರೆ ಆ ಗೀರು ಕಾಣುತ್ತಲೇ ಇರಲಿಲ್ಲವೆಂದು ನಾನು ಗೊಣಗಿದೆ. “ಕಾಣಲೆಂದೇ ಹಾಕಿದ್ದು ಕಣೋ” ಎಂದ ಅಣ್ಣ. ವ್ಯಾಪಾರ ಕುದುರಲಿಲ್ಲ. ಗಾಡಿ ಇನ್ನೂ ನಮ್ಮಲ್ಲೇ ಇದೆ. ಸುಲಿದ ಮೂಲೆಗೆ ಬರುವ ಭಾನುವಾರ ಮತ್ತೆ ಸಿಂಪಡಿಸಬೇಕು.